ಬಟ್ಟಲಿಗೆ ಬೀಳದ ಗುಂಡಿ

ನಂಬಿಕೆ ಅಳೆಯುವುದು ನನ್ನ ಕಸುಬು. ನಗಬೇಡಿ. ಹಾಲು ಅಳೆಯುವವರಿದ್ದಾರೆ, ಬಟ್ಟೆ ಅಳೆಯುವವರಿದ್ದಾರೆ, ಜ್ವರ ಅಳೆಯುವವಳು ನಮ್ಮ ಮನೆಯಲ್ಲೇ ಒಬ್ಬಳಿದ್ದಾಳೆ. ನಾನು ಹೆಗಲಿಗೊಂದು ಚೀಲ ಹಾಕಿಕೊಂಡು, ಮೆಟ್ಟಿಲು ಹತ್ತಿ, ಕಂಡವರ ಮನೆಯ ಬಾಗಿಲು ತಟ್ಟಿ, ನಿಮಗೆ ಕೋರ್ಟಿನ ಮೇಲೆ ಎಷ್ಟು ನಂಬಿಕೆ, ಪೊಲೀಸರ ಮೇಲೆ ಎಷ್ಟು, ಪೇಪರಿನಲ್ಲಿ ಬರುವ ಸುದ್ದಿಯ ಮೇಲೆ ಎಷ್ಟು ಎಂದು ಕೇಳುತ್ತೇನೆ. ಹದಿನಾಲ್ಕು ವರ್ಷದಿಂದ ಕೇಳುತ್ತಿದ್ದೇನೆ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಮನೆಯಲ್ಲಿ ಆಡಿಕೊಳ್ಳುತ್ತಾರೆ. ದಿನವಿಡೀ ಪರರ ಬಾಗಿಲಲ್ಲಿ ನಿಂತು ಹಲ್ಲು ಕಿರಿಯುವವಳಿಗೆ ಸಂಜೆ ಸ್ವಂತ ಮನೆಯಲ್ಲಾದರೂ ಸಿಡುಕಲು ಬಿಡಬೇಡವೇ?

ಮೊದಲು ನಾವು ಅಂಕಿಯನ್ನು ಬಾಯಲ್ಲೇ ಕೇಳುತ್ತಿದ್ದೆವು. ಸೊನ್ನೆ ಎಂದರೆ ಚೂರೂ ಇಲ್ಲ, ಹತ್ತು ಎಂದರೆ ಪೂರ್ತಿ. ಜನ ಎಲ್ಲದಕ್ಕೂ "ಐದು ಬರ್ಕೊಳ್ಳಿ" ಎಂದು ಬಾಗಿಲು ಹಾಕುತ್ತಿದ್ದರು. ಕೆಲವರು "ನಿಮಗೆ ಎಷ್ಟು ಸರಿ ಅನ್ಸುತ್ತೋ ಅಷ್ಟು ಹಾಕಿ" ಎಂದು ತಮ್ಮ ನಂಬಿಕೆಯನ್ನೂ ನನಗೇ ಒಪ್ಪಿಸಿಬಿಡುತ್ತಿದ್ದರು. ಇದನ್ನು ನೋಡಿ ರೋಸಿಹೋದ ನಮ್ಮ ಅಂಕಿ ಮೇಷ್ಟ್ರು ಗುಂಡಿಯ ಉಪಾಯ ಹೂಡಿದರು. ಅಂಕಿ ಮೇಷ್ಟ್ರು ಎಂದರೆ ಆಫೀಸಿನಲ್ಲಿ ಉತ್ತರಗಳನ್ನೆಲ್ಲ ಕೂಡಿ ಕಳೆದು ಶೇಕಡಾ ತೆಗೆಯುವ ದಪ್ಪ ಕನ್ನಡಕದ ಮನುಷ್ಯ. ಒಂದು ತಗಡಿನ ಡಬ್ಬಿ, ಅದರಲ್ಲಿ ಹತ್ತು ಅಂಗಿ ಗುಂಡಿ, ಜೊತೆಗೊಂದು ಬಟ್ಟಲು. ಗುಂಡಿಗಳನ್ನು ಉತ್ತರ ಕೊಡುವವರ ಅಂಗೈಗೆ ಸುರಿಯಬೇಕು. ಕೋರ್ಟು ಎಂದಾಗ ಎಷ್ಟು ನಂಬಿಕೆಯೋ ಅಷ್ಟು ಗುಂಡಿಯನ್ನು ಅವರು ಬಟ್ಟಲಿಗೆ ಹಾಕಬೇಕು. ಬಾಯಿ ಏನು ಬೇಕಾದರೂ ಹೇಳುತ್ತದೆ, ಕೈ ಯೋಚಿಸುತ್ತದೆ ಎಂಬುದು ಮೇಷ್ಟ್ರ ಸಿದ್ಧಾಂತ.

ಇದಕ್ಕೆ ನಿಯಮಗಳೂ ಇದ್ದವು. ಅವರು ಗುಂಡಿ ಹಾಕುವಾಗ ನಾನು ಮುಖ ತಿರುಗಿಸಿಕೊಳ್ಳಬೇಕು. ನನ್ನ ಹುಬ್ಬು ಮೇಲೆ ಹೋದರೆ ಅವರ ನಂಬಿಕೆ ಕೆಳಗೆ ಬಂದೀತು. ಆಮೇಲೆ ಬಟ್ಟಲಲ್ಲಿರುವುದನ್ನು ಮಾತ್ರ ಎಣಿಸಬೇಕು. ಅವರ ಕೈಯಲ್ಲಿ ಎಷ್ಟು ಉಳಿದಿದೆ ಎಂದು ಯಾವ ಕಾರಣಕ್ಕೂ ಇಣುಕಬಾರದು. ಮತ್ತು ದಿನಾ ಬೆಳಗ್ಗೆ ಹೊರಡುವ ಮುಂಚೆ ಒಂದು ಚೀಟಿಗೆ ಸಹಿ ಹಾಕಬೇಕು: ಗುಂಡಿ ಹತ್ತು, ಬಟ್ಟಲು ಒಂದು, ಎಣಿಸಿ ನೋಡಿದ್ದೇನೆ. ಮೊದಲ ವರ್ಷ ಎಣಿಸುತ್ತಿದ್ದೆ. ಗುಂಡಿಗಳೇನು ಮರಿ ಹಾಕುತ್ತವೆಯೇ, ಕಾಲು ಬಂದು ಓಡಿಹೋಗುತ್ತವೆಯೇ? ಆಮೇಲಾಮೇಲೆ ಸಹಿ ಮಾತ್ರ ಉಳಿಯಿತು.

ಈ ಸಲ ನನ್ನ ಪಾಲಿಗೆ ಬಂದದ್ದು ಏಳನೇ ವಾರ್ಡು. ನಲವತ್ತೆರಡು ಮನೆ, ಹನ್ನೆರಡು ದಿನ, ಮನೆಗೆ ಹತ್ತು ಪ್ರಶ್ನೆ. ಕೋರ್ಟು, ಪೊಲೀಸು, ಪೇಪರು, ರೇಡಿಯೋ, ಶಾಲೆ, ನೀರಿನ ಆಫೀಸು, ವಾರ್ಡಿನ ಕ್ಲಿನಿಕ್ಕು, ಅಕ್ಕಪಕ್ಕದವರು, ಸ್ವಂತ ಮನೆಯವರು. ಕೊನೆಯಲ್ಲಿ ಮೇಷ್ಟ್ರು ಚಪಲಕ್ಕೆ ಸೇರಿಸಿದ್ದು: ಈ ಸಮೀಕ್ಷೆಯ ಮೇಲೆ ಎಷ್ಟು ನಂಬಿಕೆ? ನಾವಿರುವುದು ಎಂಟನೇ ವಾರ್ಡಿನಲ್ಲಿ, ಹಾಗಾಗಿ ಅಲ್ಲಿ ನನ್ನ ಗುರುತು ಹಿಡಿಯುವವರಿರಲಿಲ್ಲ. ಅಲ್ಲಿನ ಕ್ಲಿನಿಕ್ಕಿನ ನರ್ಸು ನನ್ನ ನಾದಿನಿ ಎಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಾದಿನಿ ಎಂದರೆ ನಮ್ಮೆಜಮಾನರ ತಂಗಿ. ನಮ್ಮ ಜೊತೆಯಲ್ಲೇ ಇದ್ದಾಳೆ. ಮದುವೆಯ ಮಾತೆತ್ತಿದವರ ಬಾಯಿಗೆ ಥರ್ಮಾಮೀಟರು ಇಟ್ಟು ಸುಮ್ಮನಾಗಿಸುತ್ತಾಳೆ. ಲಾಂಡ್ರಿಯ ಮೇಲಿನ ಎರಡು ಕೋಣೆ, ಒಂದು ಬೆಂಚು, ಒಂದು ತೂಕದ ಯಂತ್ರ, ಒಂದು ಹಸಿರು ಪರದೆ, ಇಷ್ಟೇ ಅವಳ ಸಾಮ್ರಾಜ್ಯ. ಹನ್ನೊಂದು ವರ್ಷದಿಂದ ಆಳುತ್ತಿದ್ದಾಳೆ. ಡಾಕ್ಟರು ವಾರಕ್ಕೆ ಎರಡು ದಿನ ಬರುತ್ತಾರೆ, ಉಳಿದ ದಿನ ಅವಳೇ ಎಲ್ಲ. ಯಾರ ಮಗುವಿಗೆ ಯಾವ ಚುಚ್ಚುಮದ್ದು ಬಾಕಿ, ಯಾರು ಮಾತ್ರೆ ನುಂಗದೆ ಕಿಟಕಿಯಿಂದ ಎಸೆಯುತ್ತಾರೆ, ಎಲ್ಲ ಅವಳ ತಲೆಯಲ್ಲಿದೆ.

ಸಮೀಕ್ಷೆ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮುಗಿಯಿತು. ನಡುವೆ ಒಂದು ಸೋಜಿಗ ನನ್ನ ಕಣ್ಣಿಗೆ ಬಿದ್ದಿತ್ತು. ಆ ವಾರ್ಡಿನಲ್ಲಿ ಒಬ್ಬರೂ ಯಾವುದಕ್ಕೂ ಹತ್ತು ಕೊಡಲಿಲ್ಲ. ಕೊಡುವವರು ಧಾರಾಳವಾಗಿ ಒಂಬತ್ತು ಕೊಡುತ್ತಿದ್ದರು. ಅಲ್ಲಿಂದ ಮುಂದೆ ಒಂದು ಹೆಜ್ಜೆ ಇಲ್ಲ. ಹದಿನಾಲ್ಕು ವರ್ಷದ ಅನುಭವ ಸುಮ್ಮನಿರಲು ಬಿಡುತ್ತದೆಯೇ? ಆಫೀಸಿನ ಸಭೆಯಲ್ಲಿ ನಮ್ಮ ದೊಡ್ಡ ಮೇಡಂ ಮುಂದೆ ಎದ್ದು ನಿಂತು ಹೇಳಿದೆ.

"ಮೇಡಂ, ಏಳನೇ ವಾರ್ಡಿನವರು ಭಾರಿ ಹುಷಾರು. ಎಷ್ಟೇ ನಂಬಿಕೆ ಇರಲಿ, ಒಂದು ಗುಂಡಿ ಮಾತ್ರ ಕೈಯಲ್ಲೇ ಉಳಿಸ್ಕೋತಾರೆ. ಪೂರ್ತಿ ಬಿಟ್ಟುಕೊಡೋ ಜನ ಅಲ್ಲ."

ದೊಡ್ಡ ಮೇಡಂ ಪೆನ್ನಿನ ಮುಚ್ಚಳ ತೆಗೆದರು. ಅವರು ಮುಚ್ಚಳ ತೆಗೆದರೆಂದರೆ ಅದು ವರದಿಗೆ ಹೋಯಿತೆಂದೇ ಅರ್ಥ. ಹೋಯಿತು. 'ಮೀಸಲು ನಂಬಿಕೆ' ಎಂಬ ನಾಮಕರಣವೂ ಆಗಿ, ಎರಡು ಪುಟ ತುಂಬಿತು. ಒಂದು ಪೇಪರಿನವರು ಅದನ್ನು ಮೂರನೇ ಪುಟದಲ್ಲಿ ಹಾಕಿದರು: ಏಳನೇ ವಾರ್ಡಿನಲ್ಲಿ ಸ್ವಂತ ಮನೆಯವರ ಮೇಲೆ ಪೂರ್ಣ ನಂಬಿಕೆ ಇರುವವರು ಸೊನ್ನೆ. ಆ ವಾರ ಆ ವಾರ್ಡಿನ ಎಷ್ಟು ಮನೆಗಳಲ್ಲಿ ಗಂಡ ಹೆಂಡತಿ ಬೆನ್ನು ತಿರುಗಿಸಿ ಮಲಗಿದರೋ ನನಗೆ ಗೊತ್ತಿಲ್ಲ. ನಾನಂತೂ ಪೇಪರನ್ನು ಕತ್ತರಿಸಿ ಕನ್ನಡಿಯ ಪಕ್ಕ ಅಂಟಿಸಿದೆ.

ಒಂದು ತಿಂಗಳಾದ ಮೇಲೆ ನಾದಿನಿಗೆ ಆರೋಗ್ಯ ಇಲಾಖೆಯಿಂದ ಕಾಗದ ಬಂತು. ಹದಿನಾಲ್ಕು ವಾರ್ಡುಗಳ ಪೈಕಿ ಹದಿಮೂರರಲ್ಲಿ ಕ್ಲಿನಿಕ್ಕಿಗೆ ಹತ್ತಕ್ಕೆ ಹತ್ತು ಕೊಟ್ಟವರಿದ್ದಾರೆ. ಏಳನೆಯದರಲ್ಲಿ ಒಬ್ಬರೂ ಇಲ್ಲ. ಸದರಿ ನರ್ಸು ಹನ್ನೊಂದು ವರ್ಷವಾದರೂ ಸಾರ್ವಜನಿಕರ ಪೂರ್ಣ ವಿಶ್ವಾಸ ಗಳಿಸಿಲ್ಲವಾದ್ದರಿಂದ ಬೇರೆ ಕಡೆಗೆ ವರ್ಗ ಮಾಡಲು ಉದ್ದೇಶಿಸಿದೆ. ಹೇಳುವುದಿದ್ದರೆ ಹದಿನೈದು ದಿನದೊಳಗೆ ಹೇಳಬೇಕು. ಆ ಬೇರೆ ಕಡೆ ಎಂಬುದು ಎರಡು ಬಸ್ಸು ಬದಲಿಸಿ ನಾಲ್ಕು ಗಂಟೆ ಹೋಗಬೇಕಾದ ಜಾಗ. ಮನೆಯಿಂದ ಓಡಾಡುವ ಮಾತೇ ಇಲ್ಲ, ಗಂಟುಮೂಟೆ ಕಟ್ಟಬೇಕು.

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಹಗುರಾಗುತ್ತಿತ್ತು. ಕಾಗದವನ್ನು ಮಡಿಸಿ ಕೋಟಿನ ಜೇಬಿಗಿಟ್ಟುಕೊಂಡು ಕೇಳಿದಳು.

"ಅತ್ತಿಗೆ, ಒಬ್ರೂ ಇಲ್ವಾ? ನಲವತ್ತೆರಡು ಮನೇಲಿ ಒಬ್ರೂ?"

"ಅವರು ಯಾರಿಗೂ ಕೊಡಲ್ಲ ಕಣೇ. ಕೋರ್ಟಿಗೂ ಕೊಟ್ಟಿಲ್ಲ."

"ಕೋರ್ಟು ಅವರ ಮಕ್ಕಳ ಮೂಗು ಒರೆಸಿದೆಯಾ?"

ನನ್ನ ಸಿದ್ಧಾಂತ ನನಗೇ ಮೊದಲ ಬಾರಿಗೆ ಸಪ್ಪೆ ಎನಿಸಿತು. "ಹಿತ್ತಲ ಗಿಡ ಮದ್ದಲ್ಲ, ಬಿಡು" ಎಂದೆ. ಅವಳು ಬಿಡಲಿಲ್ಲ. ಆವತ್ತಿನಿಂದ ಕ್ಲಿನಿಕ್ಕಿಗೆ ಬಂದವರ ಮುಖವನ್ನೆಲ್ಲ ಒಂದೊಂದಾಗಿ ನೋಡತೊಡಗಿದಳಂತೆ: ಒಂದು ಗುಂಡಿ ಉಳಿಸಿಕೊಂಡವರು ಇವರೇ ಇರಬಹುದೇ? ಊಟಕ್ಕೆ ಕುಳಿತರೆ ಎರಡು ತುತ್ತಿಗೆ ಎದ್ದುಬಿಡುತ್ತಿದ್ದಳು. ಅವಳು ಆ ಕೆಲಸವನ್ನು ಎಷ್ಟು ಹಚ್ಚಿಕೊಂಡಿದ್ದಳೆಂದು ನನಗೆ ಆಗ ತಿಳಿಯಿತು, ನನ್ನ ಮೇಲೆ ನನಗೇ ಬೇಸರವಾಯಿತು.

ಒಂಬತ್ತನೇ ದಿನ ಸಂಜೆ ನಾದಿನಿ ಕೋಟನ್ನು ತೆಗೆಯದೆಯೇ ಮನೆಗೆ ಬಂದಳು. ಚಪ್ಪಲಿಯನ್ನೂ ಬಿಡಲಿಲ್ಲ. ನಾನು ಟೀ ಸೋಸುತ್ತಿದ್ದೆ, ಅತ್ತೆ ಕುರ್ಚಿಯಲ್ಲಿ ಕುಳಿತು ದಿಂಬಿನ ಹೊದಿಕೆಗೆ ಹೊಲಿಗೆ ಹಾಕುತ್ತಿದ್ದರು.

"ಅತ್ತಿಗೆ, ನಿನ್ನ ಡಬ್ಬಿ ತೊಗೊಂಡು ಬಾ."

"ಯಾಕೆ?"

"ತೊಗೊಂಡು ಬಾ ಅಂದೆ."

ಆ ಮಧ್ಯಾಹ್ನ ಕೆಳಗಿನ ಲಾಂಡ್ರಿಯಮ್ಮ ಸುಟ್ಟ ಬೆರಳಿಗೆ ಮುಲಾಮು ಹಚ್ಚಿಸಿಕೊಳ್ಳಲು ಹತ್ತಿ ಬಂದಿದ್ದರಂತೆ. ನಾದಿನಿ ತಡೆಯಲಾರದೆ, ಗುಂಡಿಯ ಹೆಂಗಸು ಬಂದಾಗ ನೀವೂ ಒಂದು ಉಳಿಸಿಕೊಂಡಿರಾ ಎಂದು ಕೇಳಿಯೇಬಿಟ್ಟಿದ್ದಾಳೆ. ಲಾಂಡ್ರಿಯಮ್ಮ ಬೆರಳಿನ ಉರಿಯನ್ನೂ ಮರೆತು ಎದ್ದು ನಿಂತರಂತೆ. "ಉಳಿಸ್ಕೊಳ್ಳೋದಾ? ನಿಮ್ಮ ಕ್ಲಿನಿಕ್ಕಿಗೆ ಕೈಯಲ್ಲಿದ್ದದ್ದೆಲ್ಲ ಸುರಿದೆ ನಾನು! ಎರಡೂ ಕೈ ಕೊಡವಿದೆ!" ಎಂದರಂತೆ. ಆಮೇಲೆ ನಾದಿನಿಯ ಎದೆಯ ಕಡೆ ಬೆರಳು ತೋರಿಸಿ, "ಒಂದು ಮಾತು ಕೇಳ್ಬೇಕು ಅಂತಿದ್ದೆ. ನಿಮ್ಮ ಕೋಟಿಗೆ ಮೇಲಿಂದ ಎರಡನೇ ಗುಂಡಿ ಜೊತೆಯದಲ್ಲ. ಅಂಚಿಗೆ ನೀಲಿ ಗೆರೆ ಇದೆ. ಆ ಹೆಂಗಸು ತಂದಿದ್ದೂ ಇಂಥವೇ. ಮೂವತ್ತು ವರ್ಷ ಅಂಗಿ ಇಸ್ತ್ರಿ ಮಾಡಿದೀನಿ, ಗುಂಡಿ ವಿಷಯದಲ್ಲಿ ನನ್ನ ಕಣ್ಣು ತಪ್ಪಲ್ಲ" ಎಂದರಂತೆ.

ನಾನು ಡಬ್ಬಿಯನ್ನು ಮೇಜಿನ ಮೇಲೆ ಸುರಿದೆ. ಒಂದು, ಎರಡು, ಮೂರು... ಒಂಬತ್ತು. ಡಬ್ಬಿಯನ್ನು ತಲೆಕೆಳಗು ಮಾಡಿ ಬಡಿದೆ. ಒಂಬತ್ತೇ. ಎಲ್ಲಕ್ಕೂ ಅಂಚಿನಲ್ಲಿ ತೆಳು ನೀಲಿ ಗೆರೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ಹಾಗೆ ಹತ್ತನೆಯ ಗುಂಡಿ ನಾದಿನಿಯ ಕೋಟಿನ ಮೇಲೆ ಕುಳಿತು ನಮ್ಮನ್ನು ನೋಡುತ್ತಿತ್ತು.

"ಅಮ್ಮಾ" ಎಂದಳು ನಾದಿನಿ.

ಅತ್ತೆ ಸೂಜಿಯಿಂದ ಕಣ್ಣೆತ್ತಲಿಲ್ಲ. "ಏನೀಗ? ನಿನ್ನ ಕೋಟಿನ ಗುಂಡಿ ಬಿದ್ದುಹೋಗಿತ್ತು. ಎದೆ ತೆರ್ಕೊಂಡು ಕೆಲಸಕ್ಕೆ ಹೋಗ್ತೀಯಾ? ಇವಳ ಡಬ್ಬೀಲಿ ಹತ್ತಿತ್ತು, ಒಂದು ತೊಗೊಂಡೆ. ಒಂಬತ್ತು ಉಳೀತಲ್ಲ! ಇರೋದ್ರಲ್ಲಿ ಸುಧಾರಿಸ್ಕೋಬೇಕಪ್ಪ."

"ಯಾವತ್ತು ತೊಗೊಂಡ್ರಿ ಅತ್ತೆ?" ಎಂದೆ.

"ನೀನು ಆ ವಾರ್ಡಿಗೆ ಶುರು ಮಾಡಿದ ದಿನಾನೇ, ಬೆಳಗ್ಗೆ. ನೀನು ಚೀಟಿಗೆ ಸಹಿ ಹಾಕ್ತಾ ಕೂತಿದ್ದೆ."

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ನಲವತ್ತೆರಡು ಮನೆಯವರ ಅಂಗೈಗೆ ನಾನು ಒಂಬತ್ತನ್ನೇ ಸುರಿದಿದ್ದೆ. ಇದ್ದದ್ದನ್ನೆಲ್ಲ ಕೊಟ್ಟವರನ್ನು ಜಿಪುಣರೆಂದು ವರದಿ ಬರೆಸಿದ್ದೆ. ಕನ್ನಡಿಯ ಪಕ್ಕ ಅಂಟಿಸಿದ್ದ ಪೇಪರು ಹಿಂದಿನಿಂದ ನನ್ನ ಕುತ್ತಿಗೆಯನ್ನು ಸುಡುತ್ತಿತ್ತು.

ನಾದಿನಿ ಮೆಲ್ಲಗೆ ಹೇಳಿದಳು, ಅವಳು ಕೂಗಾಡಿದ್ದರೇ ಚೆನ್ನಾಗಿತ್ತು. "ಒಂಬತ್ತು ದಿನ ಆ ಜನಾನ ನಾನು ಕಳ್ಳರ ಹಾಗೆ ನೋಡಿದೀನಿ. ನನ್ನ ಕೈಯಲ್ಲಿ ಹುಟ್ಟಿದ ಮಕ್ಕಳನ್ನೂ. ನಿನ್ನ ಮೇಲೆ ನನಗೆ ಇನ್ನು ಒಂದು ಗುಂಡಿಯಷ್ಟೂ ನಂಬಿಕೆ ಇಲ್ಲ, ಅತ್ತಿಗೆ."

ಕೋಟು ಬಿಚ್ಚಿ ಮೊಳೆಗೆ ನೇತುಹಾಕಿ ಒಳಗೆ ಹೋದಳು. ಅತ್ತೆ ಕತ್ತರಿ ತೆಗೆದುಕೊಂಡು ಎರಡನೇ ಗುಂಡಿಯನ್ನು ಕತ್ತರಿಸಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು. "ಹತ್ತಾಯ್ತು. ಸುಮ್ನೆ ಇದ್ಬಿಟ್ರೆ ಯಾರಿಗೆ ಗೊತ್ತಾಗುತ್ತೆ?" ಎಂದು ನನ್ನ ಮುಖ ನೋಡಿದರು. ಮುದುಕಿ ನನ್ನನ್ನು ಪರೀಕ್ಷಿಸುತ್ತಿದ್ದರೋ ಕಾಪಾಡುತ್ತಿದ್ದರೋ ಇವತ್ತಿಗೂ ಹೇಳಲಾರೆ. ಒಂದು ಗಳಿಗೆ ನನಗೂ ಆಸೆಯಾಯಿತು, ಸುಳ್ಳೇಕೆ. ಹದಿನಾಲ್ಕು ವರ್ಷದ ಕೆಲಸ. ಆದರೆ ಮೊಳೆಯ ಮೇಲಿನ ಕೋಟು ಎದೆ ತೆರೆದುಕೊಂಡು ನೇತಾಡುತ್ತಿತ್ತು, ಅದನ್ನು ನೋಡಿಕೊಂಡು ನನಗೆ ಟೀ ಇಳಿಯಲಿಲ್ಲ.

ಮರುದಿನ ಬೆಳಗ್ಗೆ ದೊಡ್ಡ ಮೇಡಂ ಕೋಣೆಯಲ್ಲಿ ನಿಂತು ಎಲ್ಲ ಒದರಿದೆ. ಗುಂಡಿ, ಕೋಟು, ಅತ್ತೆ, ನಾದಿನಿ, ಒಂದನ್ನೂ ಬಿಡಲಿಲ್ಲ. ಅಂಕಿ ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಒಂಬತ್ತನ್ನೆಲ್ಲ ಹತ್ತು ಅಂತ ತಿದ್ದಿಬಿಟ್ರೆ?" ಎಂದರು ದೊಡ್ಡ ಮೇಡಂ, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬ ದನಿಯಲ್ಲಿ.

"ಆಗಲ್ಲ ಮೇಡಂ. ಕೆಲವರು ಹತ್ತಿದ್ದಿದ್ರೂ ಒಂಬತ್ತೇ ಹಾಕ್ತಿದ್ರೇನೋ. ಅವರು ಯಾರು ಅಂತ ಈಗ ಹೇಗೆ ಗೊತ್ತಾಗುತ್ತೆ? ಮತ್ತೆ ಕೇಳ್ಬೇಕು" ಎಂದರು ಮೇಷ್ಟ್ರು.

ದೊಡ್ಡ ಮೇಡಂ ನನ್ನ ಕಡೆ ತಿರುಗಿದರು. "ಹನ್ನೆರಡು ದಿನ 'ಎಣಿಸಿ ನೋಡಿದ್ದೇನೆ' ಅಂತ ಸಹಿ ಹಾಕಿದ್ದೀರಿ. ಇಂಥವರನ್ನು ನಾನು ಹೇಗೆ ಕೆಲಸದಲ್ಲಿ ಇಟ್ಕೊಳ್ಳಲಿ?"

ನಾನು ತಲೆ ತಗ್ಗಿಸಿದೆ. ಮೇಷ್ಟ್ರು ಕಡತದಿಂದ ಆ ಹನ್ನೆರಡು ಚೀಟಿಗಳನ್ನು ತೆಗೆದು ಮೇಜಿನ ಮೇಲೆ ಇಸ್ಪೀಟಿನೆಲೆಯ ಹಾಗೆ ಹರಡಿದರು. ಪ್ರತಿಯೊಂದರ ಕೆಳಗೂ ನನ್ನ ಸಹಿ. ಅದರ ಕೆಳಗೆ 'ಪರಿಶೀಲಿಸಿದೆ' ಎಂದು ಸೂಪರ್‌ವೈಸರ್ ಸಹಿ. ಅದರ ಕೆಳಗೆ 'ಖುದ್ದು ಎಣಿಸಿ ದೃಢಪಡಿಸಿದೆ' ಎಂದು ಮೇಷ್ಟ್ರದ್ದೇ ಸಹಿ. ಎಲ್ಲಕ್ಕಿಂತ ಕೆಳಗೆ, ಹಸಿರು ಶಾಯಿಯಲ್ಲಿ, ದೊಡ್ಡದಾಗಿ, ದೊಡ್ಡ ಮೇಡಂ ಸಹಿ. ಡಬ್ಬಿಯ ಮುಚ್ಚಳವನ್ನು ನಾಲ್ವರಲ್ಲಿ ಒಬ್ಬರೂ ತೆಗೆದಿರಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದ ಜಾತಿ ನಮ್ಮದು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಮೇಡಂ, ನಾವು ನಾಲ್ಕು ಜನ ಒಬ್ಬರ ಮೇಲೊಬ್ಬರು ಹತ್ತಕ್ಕೆ ಹತ್ತು ನಂಬಿಕೆ ಇಟ್ಟಿದ್ವಿ. ಅದಕ್ಕೇ ಲೆಕ್ಕ ತಪ್ಪಿದ್ದು."

ದೊಡ್ಡ ಮೇಡಂ ಚೀಟಿಗಳನ್ನು ಒಟ್ಟು ಮಾಡಿ, ತಟ್ಟಿ, ಡ್ರಾಯರಿನೊಳಗೆ ಹಾಕಿ ಬೀಗ ಹಾಕಿದರು. "ನಾಳೆಯಿಂದ ಆ ನಲವತ್ತೆರಡು ಮನೆಗೂ ಮತ್ತೆ ಹೋಗಿ. ತಪ್ಪಾಗಿದೆ ಅಂತ ಹೇಳಿಯೇ ಕೇಳಿ. ನಾನು ಇಲಾಖೆಗೆ ಫೋನ್ ಮಾಡಿ ಆ ವರ್ಗಾವಣೆ ತಡೆಸ್ತೀನಿ" ಎಂದರು. ನಾನು ಬಾಗಿಲು ದಾಟುವಾಗ ಹಿಂದಿನಿಂದ, "ಗುಂಡಿ ಎಣಿಸ್ಕೊಂಡು ಹೋಗಿ!" ಎಂದು ಕೂಗಿದರು.

ಮತ್ತೆ ಬಾಗಿಲು ತಟ್ಟುವುದು ಎಂಥ ಶಿಕ್ಷೆ ಎಂದು ತಟ್ಟಿದವರಿಗೇ ಗೊತ್ತು. ಸುದ್ದಿ ನನಗಿಂತ ಮುಂಚೆಯೇ ವಾರ್ಡು ಸುತ್ತಿ ಬಂದಿತ್ತು. ಪ್ರತಿ ಮನೆಯಲ್ಲೂ ಮೊದಲು ಗುಂಡಿ ಎಣಿಸಿದರು. ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು ಎರಡು ಸಲ ಎಣಿಸಿ, ಪಕ್ಕದ ಮನೆಯವರನ್ನು ಸಾಕ್ಷಿಗೆ ಕರೆದು ಮೂರನೇ ಸಲ ಎಣಿಸಿದರು. ಒಂದು ಮನೆಯಲ್ಲಿ ಗಂಡ, "ಸ್ವಂತ ಮನೆಯವರು" ಎಂದು ನಾನು ಬಾಯಿ ತೆರೆಯುವ ಮುಂಚೆಯೇ ಹತ್ತನ್ನೂ ಬಟ್ಟಲಿಗೆ ಸುರಿದು ಹೆಂಡತಿಯ ಕಡೆ ನೋಡಿದ. "ಈಗ ಹಾಕಿ ಏನು ಪ್ರಯೋಜನ, ಪೇಪರಲ್ಲಿ ಬಂದಾಯ್ತಲ್ಲ" ಎಂದಳು ಆಕೆ. ಬೇಕರಿಯವರು ಗಂಭೀರವಾಗಿ ಕೂತು, ಕ್ಲಿನಿಕ್ಕು ಎಂದಾಗ ಬಹಳ ಹೊತ್ತು ಯೋಚಿಸಿದರು. ನಾನು ಮುಖ ತಿರುಗಿಸಿಕೊಂಡಿದ್ದೆ. ಬಟ್ಟಲಿನಲ್ಲಿ ಟಣ್, ಟಣ್, ಟಣ್ ಎಂದು ಮೂರು ಸದ್ದಾಗಿ ನಿಂತಿತು. ಇನ್ನೂ ಬಿದ್ದೀತೆಂದು ಕಾದು, ಮೂರು ಎಂದು ಬರೆದೆ.

ಲಾಂಡ್ರಿಯಮ್ಮ ಕ್ಲಿನಿಕ್ಕಿಗೆ ಹತ್ತು ಹಾಕಿ ಎರಡೂ ಕೈಯನ್ನು ನನ್ನ ಮುಖದ ಮುಂದೆ ಕೊಡವಿ ತೋರಿಸಿದರು. ನಿಯಮ ಹಾಳಾಗಲಿ ಎಂದು ನೋಡಿದೆ. ಕೊನೆಯ ಪ್ರಶ್ನೆಗೆ, ಈ ಸಮೀಕ್ಷೆಗೆ, ಎರಡೇ ಗುಂಡಿ ಹಾಕಿದರು.

"ಹೋದ್ಸಲ ಒಂಬತ್ತು ಹಾಕಿದ್ರಿ" ಎಂದು ನನ್ನ ಬಾಯಿ ತಪ್ಪಿ ಬಂತು.

"ಹೋದ್ಸಲ ನೀವು ಯಾರು ಅಂತ ಗೊತ್ತಿರಲಿಲ್ಲ" ಎಂದರು. "ಈಗ ಒಂದು, ವಾಪಸ್ ಬಂದು ಒಪ್ಕೊಂಡಿದ್ದಕ್ಕೆ. ಇನ್ನೊಂದು, ಮೆಟ್ಟಿಲು ಹತ್ತಿ ಏದುಸಿರು ಬಿಡ್ತಿದ್ದೀರಲ್ಲ, ಪಾಪ ಅಂತ."

ಕ್ಲಿನಿಕ್ಕಿಗೆ ಹತ್ತಕ್ಕೆ ಹತ್ತು ಕೊಟ್ಟವರು ಹದಿನೇಳು ಮನೆ. ಉಳಿದವರು ಒಂಬತ್ತು, ಎಂಟು, ಏಳು, ಆರು. ಒಂದು ಮನೆ ಮಾತ್ರ ಮೂರು. ಇಲಾಖೆಯಿಂದ ಒಂದು ಸಾಲಿನ ಕಾಗದ ಬಂತು: ವರ್ಗಾವಣೆ ಪ್ರಸ್ತಾಪ ಕೈಬಿಡಲಾಗಿದೆ. ಕ್ಷಮಿಸಿ ಎಂಬ ಶಬ್ದವನ್ನು ಅವರು ಎಂದೂ ಕಲಿತವರಲ್ಲ. ನಾದಿನಿ ಅದನ್ನು ಎರಡು ಸಲ ಓದಿದಳು. ಅಷ್ಟೂ ದಿನ ಅವಳು ನನ್ನ ಜೊತೆ ಉಪ್ಪು, ನೀರು, ಬೀಗದಕೈ ಎಂಬ ಮೂರು ಮಾತು ಬಿಟ್ಟು ಬೇರೆ ಆಡಿರಲಿಲ್ಲ. ಕೋಟಿಗೆ ಪಿನ್ನು ಚುಚ್ಚಿಕೊಂಡು ಕೆಲಸಕ್ಕೆ ಹೋಗಿ ಬರುತ್ತಿದ್ದಳು.

"ಮೂರು ಕೊಟ್ಟಿದ್ದು ಯಾರು?" ಎಂದು ಕೇಳಿದಳು.

"ಹೇಳೋಹಾಗಿಲ್ಲ."

"ನಿನ್ನಿಂದ ನನಗೆ ಅಷ್ಟು ಆಗಿದೆ. ಇಷ್ಟಾದ್ರೂ ಹೇಳು."

"ಹೇಳಲ್ಲ ಕಣೇ. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟು ಗುಂಡಿ ಹಾಕಿಸ್ಕೋತೀವಿ. ನನ್ನ ಹತ್ರ ಈಗ ಉಳಿದಿರೋ ಮರ್ಯಾದೆ ಅದೊಂದೇ."

ಅವಳು ಮುಖ ಗಂಟು ಹಾಕಿಕೊಂಡು ಎರಡು ದಿನ ಆ ಮೂರು ಮಾತನ್ನೂ ನಿಲ್ಲಿಸಿದಳು. ಆ ಎರಡು ದಿನದ ನಡುವೆ ಬೇಕರಿಯವರು ವಾಡಿಕೆಯಂತೆ ಬಿ.ಪಿ. ನೋಡಿಸಿಕೊಂಡು, ನಿಮ್ಮ ಕೈಗುಣವೇ ಕೈಗುಣ ತಾಯಿ ಎಂದು ಒಂದು ಪೊಟ್ಟಣ ಬಿಸ್ಕತ್ತು ಕೊಟ್ಟು ಹೋಗಿದ್ದರು. "ನೋಡು ಅಮ್ಮಾ, ಹತ್ತು ಕೊಟ್ಟವರಲ್ಲಿ ಇವರೊಬ್ಬರು ಅನ್ನೋದು ಗ್ಯಾರಂಟಿ" ಎಂದಳು ನಾದಿನಿ, ನನಗೆ ಕೇಳಿಸುವಂತೆ. ನಾನು ಒಂದು ಬಿಸ್ಕತ್ತು ಬಾಯಿಗೆ ಹಾಕಿಕೊಂಡೆ. ಬಹಳ ನಿಧಾನವಾಗಿ ಅಗಿದೆ. ಅತ್ತೆ ನನ್ನ ದವಡೆಯನ್ನೇ ನೋಡುತ್ತಿದ್ದರು.

ಮೂರನೇ ದಿನ ಸಂಜೆ ನಾನು ಮನೆಗೆ ಬಂದಾಗ ನಾದಿನಿಯ ಕೋಟಿನಲ್ಲಿ ಪಿನ್ನಿರಲಿಲ್ಲ. ಅತ್ತೆ ಮತ್ತೆ ಡಬ್ಬಿಗೆ ಕೈ ಹಾಕಿದ್ದರು. ಎರಡನೇ ಗುಂಡಿ ತನ್ನ ಜಾಗಕ್ಕೆ ಹೋಗಿ ಕೂತಿತ್ತು, ನೀಲಿ ಗೆರೆಯ ಸಮೇತ.

"ಅತ್ತೆ! ಅದು ಆಫೀಸಿಂದು!"

"ಆಫೀಸಿಗೆ ಅಂಗಡಿಯಿಂದ ಒಂದು ತಂದು ಹಾಕು. ಕೆಲಸ ಮುಗೀತಲ್ಲ. ನನ್ನನ್ನಂತೂ ಯಾರೂ ಏನೂ ಕೇಳ್ಲಿಲ್ಲ, ನನ್ನ ನಂಬಿಕೆ ಯಾರಿಗೆ ಬೇಕು" ಎಂದು ಅತ್ತೆ ದಾರವನ್ನು ಹಲ್ಲಿನಲ್ಲಿ ಕತ್ತರಿಸಿದರು.

ನಾದಿನಿ ಆ ಕೋಟು ತೊಟ್ಟುಕೊಂಡು ಬಂದು ಮೇಜಿನ ಎದುರು ಕುಳಿತಳು. ಬಟ್ಟಲನ್ನು ನನ್ನ ಮುಂದಿಟ್ಟಳು. ಡಬ್ಬಿಯನ್ನು ತನ್ನ ಅಂಗೈಗೆ ಸುರಿದುಕೊಂಡು, ಆ ವಾರ್ಡಿನ ಎಲ್ಲರ ಹಾಗೆ, ಮೊದಲು ಎಣಿಸಿದಳು.

"ಕೇಳು" ಎಂದಳು.

"ಏನು ಕೇಳ್ಲಿ?"

"ನಿನಗೆ ಗೊತ್ತು ಏನು ಅಂತ."

ಹದಿನಾಲ್ಕು ವರ್ಷ ಸಾವಿರಾರು ಜನರಿಗೆ ಕೇಳಿದ ಪ್ರಶ್ನೆ ಬಾಯಿಗೆ ಬರಲಿಲ್ಲ. "ನಿನ್ನ ಅತ್ತಿಗೆ ಮೇಲೆ ಎಷ್ಟು?" ಎಂದು ಹೇಗೋ ಅಂದೆ. ನಿಯಮದಂತೆ ಮುಖ ತಿರುಗಿಸಿಕೊಂಡೆ.

ಟಣ್ ಎಂದಿತು ಬಟ್ಟಲು. ಎಣಿಸುತ್ತ ಹೋದೆ. ಐದರಲ್ಲಿ ಒಂದು ಕ್ಷಣ ನಿಂತಿತು. ಮತ್ತೆ ಟಣ್. ಒಂಬತ್ತಾಯಿತು. ಆಮೇಲೆ ಸದ್ದಿಲ್ಲ.

ನಾನು ಈ ಕಡೆ ತಿರುಗಿ, ಬಟ್ಟಲನ್ನು ಬಿಟ್ಟು ಮೊದಲು ಅವಳ ಕೈ ನೋಡಿದೆ. ಖಾಲಿ ಇತ್ತು.